ಕಾರ್ಖಾನೆ ಮುಚ್ಚಿದ ಮೇಲೆ

ಯಂತ್ರವೊಂದರ ಚರಿತ್ರೆ ಅದನ್ನು ಕಟ್ಟಿದವರೊಂದಿಗೆ ಮುಗಿಯುತ್ತದೆಂದು ನಾವು ಭಾವಿಸುತ್ತೇವೆ. ಸ್ವೀಡನ್ನಿನ ಸಾಬ್ ಕಾರುಗಳ ಕಥೆ ಹಾಗಲ್ಲವೆಂದು ನನಗೆ ತೋರುತ್ತದೆ.

1937ರಲ್ಲಿ ವಿಮಾನಗಳಿಗಾಗಿ ಹುಟ್ಟಿದ ಸಾಬ್ ಸಂಸ್ಥೆ ಮಹಾಯುದ್ಧದ ತರುವಾಯ ಕಾರಿಗೆ ಕೈಹಾಕಿತು. ಎಂಜಿನ್ ಹೊರಗೆ ಚೆಲ್ಲುವ ಬಿಸಿ ಅನಿಲದಿಂದಲೇ ಪುಟ್ಟ ಚಕ್ರವೊಂದನ್ನು ತಿರುಗಿಸಿ, ಆ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಉಪಾಯಕ್ಕೆ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಅದನ್ನು ದಿನಬಳಕೆಯ ಕಾರಿಗೆ ಒಗ್ಗಿಸಿದವರಲ್ಲಿ 1978ರ 99 ಟರ್ಬೊವನ್ನು ತಂದ ಸಾಬ್ ಪ್ರಮುಖ. 1990ರ ದಶಕದ ಕೊನೆಗೆ ಬಂದ 9-5 ಸ್ಟೇಷನ್ ವ್ಯಾಗನ್ ಆ ಪರಂಪರೆಯದೇ.

ಅದರ ಮೊದಲ ವರ್ಷಗಳ ಪೆಟ್ರೋಲ್ ಎಂಜಿನ್ನಿಗೊಂದು ಶಾಪವಿತ್ತು. ಎಣ್ಣೆ ಕಾವಿಗೆ ಕೆಟ್ಟು, ರಾಡಿಯಾಗಿ, ತಳದ ತೊಟ್ಟಿಯ ಜರಡಿಯನ್ನು ಮುಚ್ಚುತ್ತಿತ್ತು. ನಿಮಿಷಕ್ಕೆ ಲಕ್ಷ ಸುತ್ತು ಮೀರಬಲ್ಲ ಟರ್ಬೊವಿಗೆ ಎಣ್ಣೆಯೇ ಪ್ರಾಣ. ಅದು ನಿಂತರೆ ಎಂಜಿನ್ನೂ ಉಳಿಯದು.

2011ರ ಡಿಸೆಂಬರಿನಲ್ಲಿ ಸಾಬ್ ಕಾರು ಕಂಪನಿ ದಿವಾಳಿಯಾಯಿತು. ಬಿಡಿಭಾಗಗಳ ಸಂಸ್ಥೆ ಮಾತ್ರ ಮುಂದೆ ಓರಿಯೊ ಎಂಬ ಹೆಸರಿನಲ್ಲಿ ಬದುಕಿತು. ಕಾರಿನ ಅನೇಕ ಒಡೆಯರು ತಾವೇ ಕೆಳಗೆ ಮಲಗಿ, ತೊಟ್ಟಿ ಬಿಚ್ಚಿ, ಜರಡಿ ತೊಳೆದು, ಎಂಜಿನ್ನಿನ ಉಸಿರುಗೊಳವೆಗಳನ್ನು ಬದಲಿಸಿ, ಸಿಂಥೆಟಿಕ್ ಎಣ್ಣೆ ತುಂಬಿದರು. ಇದನ್ನು ಬರಿಯ ಜಿಪುಣತನವೆಂದು ನಾನು ತಳ್ಳಿಹಾಕಲಾರೆ. ತಯಾರಕ ಅಳಿದರೂ ವಿದ್ಯೆ ಅಳಿಯದಂತೆ ಕಾಯ್ದವರು ಇವರು.

ಆದರೆ ಎಲ್ಲವೂ ಸ್ಪ್ಯಾನರಿಗೆ ದಕ್ಕುವುದಿಲ್ಲ. ಈ ಕಾರಿನ ಕೆಲವು ಎಲೆಕ್ಟ್ರಾನಿಕ್ ಭಾಗಗಳನ್ನು ಬದಲಿಸಿದರೆ, ಅವು ಕಾರಿಗೆ ಹೊಂದಿಕೊಳ್ಳಲು ಟೆಕ್ 2 ಎಂಬ ಉಪಕರಣ ಬೇಕು. ಅಂಥ ಕೀಲಿಕೈ ಯಾರ ಬಳಿ ಉಳಿಯುತ್ತದೆಂಬುದರ ಮೇಲೆ ಹಳೆಯ ಯಂತ್ರಗಳ ಆಯುಸ್ಸು ನಿಂತಿದೆ.