ಮಹಾವ್ಯಾಧನ ಆಗರ

ಕುಮಟಾ ತಾಲೂಕಿನ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಡುತ್ತದೆ. ಮಾಘದ ಸಂಜೆ ಕಡಲ ದಂಡೆಯಲ್ಲಿ ನಿಂತು ಮಹಾವ್ಯಾಧನ ನಡುಪಟ್ಟಿಯ ಕೆಳಗಿನ ಮಸುಕನ್ನು ನೋಡುವಾಗಲೆಲ್ಲ ನನಗೆ ಆ ಆಗರ ನೆನಪಾಗುತ್ತದೆ.

ಸುಮಾರು 1,350 ಜ್ಯೋತಿರ್ವರ್ಷ ದೂರದ ಆ ಮಸುಕು ಒಂದು ನೀಹಾರಿಕೆ, ನಕ್ಷತ್ರಗಳ ಹೆರಿಗೆಮನೆ. 1656ರಲ್ಲಿ ಡಚ್ ವಿಜ್ಞಾನಿ ಹೈಗೆನ್ಸ್ ಅದರ ನಡುವೆ ಮೂರು ನಕ್ಷತ್ರಗಳನ್ನು ಗುರುತಿಸಿದ. ಆ ಗುಂಪಿನ ಅತಿ ಪ್ರಖರ ನಕ್ಷತ್ರದ ಮೇಲ್ಮೈ ನಮ್ಮ ಸೂರ್ಯನಿಗಿಂತ ಆರು ಪಟ್ಟಿಗೂ ಹೆಚ್ಚು ಬಿಸಿ. ಅದು ಸೂಸುವುದು ಬಹುಪಾಲು ಅತಿನೇರಳೆ ಕಿರಣ.

1990ರ ದಶಕದ ಆರಂಭದಲ್ಲಿ ರಾಬರ್ಟ್ ಓಡೆಲ್ ತಂಡ ಹಬಲ್ ದೂರದರ್ಶಕದಿಂದ ಅಲ್ಲಿನ ಎಳೆಯ ನಕ್ಷತ್ರಗಳ ಸುತ್ತ ಅನಿಲ, ಧೂಳಿನ ತಟ್ಟೆಗಳನ್ನು ಕಂಡಿತು. ಗ್ರಹಗಳು ಹುಟ್ಟುವುದು ಇಂಥ ತಟ್ಟೆಗಳಲ್ಲೇ. ಆದರೆ ಹಲವಕ್ಕೆ ಬಾಲವಿತ್ತು, ಆ ಬಾಲ ದೈತ್ಯ ನಕ್ಷತ್ರದ ಎದುರು ದಿಕ್ಕಿಗೆ ಚಾಚಿತ್ತು. ಅತಿನೇರಳೆ ಕಿರಣ ಅನಿಲವನ್ನು ಕಾಯಿಸಿ ಹಾರಿಸುತ್ತಿತ್ತು.

2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ನೆರವಿನಿಂದ ವಿಜ್ಞಾನಿಗಳು ಡಿ203-506 ಎಂಬ ತಟ್ಟೆಯ ಲೆಕ್ಕ ಹಾಕಿದರು. ಅವರ ಅಂದಾಜಿನಂತೆ ಹತ್ತು ಲಕ್ಷ ವರ್ಷದೊಳಗೆ ಅದರ ಅನಿಲ ಬರಿದಾಗುತ್ತದೆ; ಗುರುವಿನಂಥ ಗ್ರಹ ಕಟ್ಟಿಕೊಳ್ಳಲು ಅಷ್ಟು ಕಾಲ ಸಾಲದು. ದಪ್ಪ ಕಣಗಳು ಮಾತ್ರ ಸುಲಭಕ್ಕೆ ಹಾರುವುದಿಲ್ಲ, ಆಗರದ ಉಪ್ಪಿನಂತೆ ಉಳಿಯುತ್ತವೆ. ಭೂಮಿಯಂಥ ಕಲ್ಲುಗ್ರಹಕ್ಕೆ ಆಸೆ ಉಳಿದಿದೆ.

ನಮ್ಮ ಸೂರ್ಯನೂ ಇಂಥದೇ ಗುಂಪಿನಲ್ಲಿ ಹುಟ್ಟಿದ್ದಿರಬಹುದು ಎನ್ನುತ್ತವೆ ಉಲ್ಕಾಶಿಲೆಗಳಲ್ಲಿನ ಕುರುಹುಗಳು. ಹಾಗಿದ್ದರೂ ನಮಗೆ ಗುರು ದಕ್ಕಿದ್ದಾನೆ. ಅಂದರೆ ನಮ್ಮ ತಟ್ಟೆ ಬತ್ತುವ ಮೊದಲೇ ಅವನು ಬೆಳೆದುಬಿಟ್ಟಿದ್ದ. ಅದೇ ದಂಡೆಯಿಂದ ಅವನನ್ನು ನೋಡುವಾಗ ಈ ಮಾತು ನನ್ನನ್ನು ಸುಮ್ಮನಾಗಿಸುತ್ತದೆ.