ಕೇಬಲ್ ಬಿಟ್ಟ ಮನೆಯಲ್ಲಿ ಟಿವಿ

ಕೇಬಲ್ಲೂ ಬೇಡ, ಡಿಶ್ಶೂ ಬೇಡ, ಇಂಟರ್ನೆಟ್ ಒಂದಿದ್ದರೆ ಸಾಕು ಎನ್ನುವ ಮನೆಗಳು ಹೆಚ್ಚುತ್ತಿವೆ. ಅಮೆರಿಕದಲ್ಲಿ ‘ಕಾರ್ಡ್ ಕಟಿಂಗ್’ ಎಂದು ಕರೆಯುವ ಈ ಬದಲಾವಣೆಗೆ ಅಲ್ಲಿ ಮುಖ್ಯ ಕಾರಣವಾದದ್ದು ಏರುತ್ತಲೇ ಹೋದ ಕೇಬಲ್ ಬಿಲ್. ನೀಲ್ಸನ್ ಸಂಸ್ಥೆಯ ಲೆಕ್ಕದಂತೆ 2022ರ ಜುಲೈನಲ್ಲಿ ಅಮೆರಿಕನ್ನರ ಸ್ಟ್ರೀಮಿಂಗ್ ವೀಕ್ಷಣೆ ಮೊದಲ ಸಲ ಕೇಬಲ್ ವೀಕ್ಷಣೆಯನ್ನು ಮೀರಿತು. 2025ರ ಮೇ ತಿಂಗಳಲ್ಲಿ ಕೇಬಲ್ ಮತ್ತು ಪ್ರಸಾರ ಟಿವಿ ಎರಡನ್ನು ಕೂಡಿಸಿದರೂ ಸ್ಟ್ರೀಮಿಂಗೇ ಮುಂದಿತ್ತು.

ನಮ್ಮಲ್ಲಿ ಕೇಬಲ್ ಎಂದೂ ಅಷ್ಟು ದುಬಾರಿಯಾಗಿರಲಿಲ್ಲ. ಆದ್ದರಿಂದ ಕೇಬಲ್ ಬಿಟ್ಟರೆ ದುಡ್ಡು ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಎಲ್ಲ ಮನೆಗಳಿಗೂ ಒಂದೇ ಉತ್ತರ ಸಲ್ಲುವುದಿಲ್ಲ. ಮನೆಯಲ್ಲಿ ಯಾರು ಏನು ನೋಡುತ್ತಾರೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಬೇರೆಲ್ಲ ಲೆಕ್ಕ ಆಮೇಲಿನದು.

ಆಂಟೆನಾದಿಂದ ಆ್ಯಪ್‌ವರೆಗೆ

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಮುಂದಿನ ಒಂದು ದಶಕ ಮಾಡಿನ ಮೇಲಿನ ಆಂಟೆನಾದ್ದೇ ಕಾಲ. 1991ರ ನಂತರ ಉಪಗ್ರಹ ವಾಹಿನಿಗಳು ಬಂದವು, ಬೀದಿಬೀದಿಯಲ್ಲಿ ಕೇಬಲ್ ಆಪರೇಟರುಗಳು ಹುಟ್ಟಿಕೊಂಡರು. 1994ರಲ್ಲಿ ಉದಯ ಟಿವಿ ಬಂದ ಮೇಲೆ ಕನ್ನಡದ ಮನೆಗಳಿಗೆ ಕೇಬಲ್ ಹಾಕಿಸಿಕೊಳ್ಳಲು ಗಟ್ಟಿ ಕಾರಣವೇ ಸಿಕ್ಕಿತು. ಕೇಬಲ್ ಜಾಲಗಳನ್ನು ನಿಯಂತ್ರಿಸುವ ಕಾಯ್ದೆ 1995ರದು. ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದದ್ದು 2012ರಿಂದ 2017ರವರೆಗೆ ನಾಲ್ಕು ಹಂತಗಳಲ್ಲಿ; ಬೆಂಗಳೂರು, ಮೈಸೂರು ಎರಡನೇ ಹಂತದಲ್ಲಿದ್ದವು.

ಹಾಟ್‌ಸ್ಟಾರ್ 2015ರಲ್ಲಿ, ನೆಟ್‌ಫ್ಲಿಕ್ಸ್ ಮತ್ತು ಅಮೆಜಾನ್ ಪ್ರೈಮ್ ವಿಡಿಯೊ 2016ರಲ್ಲಿ ಭಾರತದಲ್ಲಿ ಶುರುವಾದವು. ಅದೇ 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಮೊಬೈಲ್ ಡೇಟಾದ ದರವನ್ನು ಬುಡಮೇಲು ಮಾಡಿತು. ಹೀಗಾಗಿ ಸ್ಟ್ರೀಮಿಂಗ್ ನಮ್ಮಲ್ಲಿ ಮೊದಲು ಅಂಗೈಗೆ ಬಂತು, ಹಜಾರದ ಟಿವಿಗೆ ಆಮೇಲೆ. 2019ರ ಹೊತ್ತಿಗೆ ಫೈಬರ್ ಸಂಪರ್ಕಗಳು ಅಗ್ಗವಾಗುತ್ತ ಬಂದವು. ಕೊರೊನಾ ಕಾಲದ ಮನೆವಾಸ ಉಳಿದ ಕೆಲಸ ಮುಗಿಸಿತು.

ಬಿಲ್ಲಿನ ಲೆಕ್ಕ

ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2019ರಿಂದ ಜಾರಿಗೆ ತಂದ ದರಪದ್ಧತಿಯಲ್ಲಿ ಕೇಬಲ್ ಅಥವಾ ಡಿಟಿಎಚ್ ಗ್ರಾಹಕರು ಮೊದಲು ಜಾಲದ ಶುಲ್ಕ ಕೊಡಬೇಕಿತ್ತು. ಅದಕ್ಕೆ 130 ರೂಪಾಯಿಯ ಮಿತಿ. ಶೇ 18ರ ಜಿಎಸ್‌ಟಿ ಸೇರಿದರೆ 153 ರೂಪಾಯಿ 40 ಪೈಸೆ. ಹಣ ಕೊಟ್ಟು ನೋಡುವ ವಾಹಿನಿಗಳ ದರ ಬೇರೆ. 2024ರಲ್ಲಿ ಟ್ರಾಯ್ ಈ ಮಿತಿಯನ್ನು ತೆಗೆದುಹಾಕಿತು.

ಇತ್ತ ಸ್ಟ್ರೀಮಿಂಗ್‌ನಲ್ಲಿ ಬ್ರಾಡ್‌ಬ್ಯಾಂಡ್ ಬಾಡಿಗೆ ಒಂದು, ಆ್ಯಪ್‌ಗಳ ಚಂದಾ ಇನ್ನೊಂದು. ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ ಭಾರತದ ದರ ಇಳಿಸಿದಾಗ ಮೊಬೈಲಿಗೆ ಮಾತ್ರ ಸೀಮಿತವಾದ ಯೋಜನೆ 149 ರೂಪಾಯಿಗೆ, 4ಕೆ ಯೋಜನೆ 649 ರೂಪಾಯಿಗೆ ನಿಂತವು. 2023ರ ಜುಲೈನಿಂದ ಪಾಸ್‌ವರ್ಡನ್ನು ಬೇರೆ ಮನೆಯವರೊಂದಿಗೆ ಹಂಚಿಕೊಳ್ಳುವುದಕ್ಕೂ ತಡೆ ಬಿತ್ತು. ಮಕ್ಕಳ ಓದು, ಮನೆಯವರ ಕಚೇರಿ ಕೆಲಸಕ್ಕೆ ಇಂಟರ್ನೆಟ್ ಹೇಗೂ ಬೇಕೇ ಬೇಕು ಎನ್ನುವ ಮನೆಗೆ ಒಂದೆರಡು ಆ್ಯಪ್ ಸೇರಿಸಿಕೊಂಡರೂ ಕೇಬಲ್ ಬಿಡುವುದು ಲಾಭ. ಟಿವಿಗೆಂದೇ ಬ್ರಾಡ್‌ಬ್ಯಾಂಡ್ ಹಾಕಿಸಿಕೊಳ್ಳುವವರಿಗೆ ಖರ್ಚು ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ. ಚಂದಾ ತೆಗೆದುಕೊಳ್ಳುವ ಮುನ್ನ ಬ್ರಾಡ್‌ಬ್ಯಾಂಡ್ ಯೋಜನೆಯ ಜೊತೆಗೇ ಯಾವ ಆ್ಯಪ್‌ಗಳು ಬರುತ್ತವೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಒಂದೇ ಆ್ಯಪ್‌ಗೆ ಎರಡು ಕಡೆ ಹಣ ಕಟ್ಟುತ್ತಿರುವ ಮನೆಗಳು ಕಡಿಮೆಯೇನಿಲ್ಲ.

ಫೈಬರ್ ಮನೆಯೊಳಗೆ ಬರುವ ಬಗೆ

ತಂತಿ ಕಳಚಿದೆವು ಎನ್ನುತ್ತೇವೆ. ನಿಜಕ್ಕೂ ಒಂದು ತಂತಿ ಹೋಗಿ ಇನ್ನೊಂದು ಬರುತ್ತದೆ. ಎಷ್ಟೋ ಊರುಗಳಲ್ಲಿ ಅದನ್ನು ಎಳೆದು ತರುವವರೂ ಹಳೆಯ ಕೇಬಲ್ ಆಪರೇಟರೇ. ಕಂಬದಿಂದ ಕಂಬಕ್ಕೆ ಅವರ ದಾರಿ ಮೊದಲೇ ಇದೆ, ಮನೆಮನೆಯ ಪರಿಚಯವಿದೆ.

ಫೈಬರ್ ಎಂದರೆ ಗಾಜಿನ ಎಳೆ. ಬೆಳಕು ಸಾಗುವ ಅದರ ತಿರುಳಿನ ಅಗಲ ಸುಮಾರು 9 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಪಟ್ಟು ಸಪೂರ. ತುಂಡಾದ ಫೈಬರ್ ಕೂಡಿಸುವ ಹುಡುಗರ ಕೆಲಸವನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಮೇಲಿನ ಸಿಪ್ಪೆ ತೆಗೆದು, ಎಳೆಯನ್ನು ಸ್ಪಿರಿಟ್‌ನಿಂದ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಎರಡು ತುದಿಗಳನ್ನೂ ಸ್ಪ್ಲೈಸಿಂಗ್ ಯಂತ್ರದಲ್ಲಿ ಎದುರುಬದುರು ಮಲಗಿಸುತ್ತಾರೆ. ಪುಟ್ಟ ಪರದೆಯ ಮೇಲೆ ಎರಡೂ ತುದಿಗಳು ದೊಡ್ಡದಾಗಿ ಕಾಣುತ್ತವೆ, ಯಂತ್ರ ಅವುಗಳನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ, ಒಂದು ಕಿಡಿ ಹಾರುತ್ತದೆ, ಗಾಜು ಕರಗಿ ಒಂದಾಗುತ್ತದೆ. ಮೇಲೊಂದು ಸ್ಲೀವ್ ಏರಿಸಿ ಕಾಯಿಸಿದರೆ ಜೋಡಣೆ ಭದ್ರ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದಾಗ ರಸ್ತೆಬದಿಯಲ್ಲಿ ಕೊಡೆ ಹಿಡಿದು ಇಷ್ಟನ್ನೂ ಮಾಡಬೇಕಾಗುತ್ತದೆ. ನಮ್ಮ ಸಂಜೆಯ ಧಾರಾವಾಹಿ ಈ ಕೈಗಳ ನಾಜೂಕಿನ ಮೇಲೆ ನಿಂತಿದೆ. ಅವರಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ ಎಂದೇ ನನ್ನ ಭಾವನೆ.

ಮನೆಯೊಳಗೆ ಫೈಬರ್ ಬಂದು ಸೇರುವ ಪೆಟ್ಟಿಗೆಗೆ ಒಎನ್‌ಟಿ ಎನ್ನುತ್ತಾರೆ. ಸಾಮಾನ್ಯವಾಗಿ ವೈಫೈ ರೂಟರ್ ಕೂಡ ಅದರಲ್ಲೇ ಇರುತ್ತದೆ. ಅದರ ಮೇಲಿನ ‘ಲಾಸ್’ ದೀಪ ಕೆಂಪಾದರೆ ಬೆಳಕು ಬರುತ್ತಿಲ್ಲ ಎಂದರ್ಥ. ರೂಟರ್ ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಫಲವಿಲ್ಲ, ಲೈನ್‌ನವರನ್ನೇ ಕರೆಯಬೇಕು. ಫೈಬರನ್ನು ಕಪಾಟಿನ ಹಿಂದೆ ಒತ್ತಿ ಮಡಚಿದರೆ ಬೆಳಕು ಸೋರಿಹೋಗುತ್ತದೆ. ಇನ್ನು ಕರೆಂಟಿನ ಮಾತು. ಹಳೆಯ ಕೇಬಲ್ ಜಾಲದಲ್ಲಿ ದಾರಿಯುದ್ದಕ್ಕೂ ಆ್ಯಂಪ್ಲಿಫಯರ್‌ಗಳಿಗೆ ವಿದ್ಯುತ್ ಬೇಕಿತ್ತು. ಮನೆಗಳಿಗೆ ಬರುವ ಫೈಬರ್ ಜಾಲದಲ್ಲಿ ಸಾಮಾನ್ಯವಾಗಿ ಕೇಂದ್ರ ಮತ್ತು ಮನೆಯ ನಡುವೆ ವಿದ್ಯುತ್ ಬೇಕಿಲ್ಲ. ಒಎನ್‌ಟಿಗೊಂದು ಪುಟ್ಟ ಯುಪಿಎಸ್ ಕೊಟ್ಟರೆ ಕರೆಂಟು ಹೋದಾಗಲೂ ಇಂಟರ್ನೆಟ್ ಇರುತ್ತದೆ. ಮಲೆನಾಡಿನ ಮನೆಗಳಿಗೆ ಇದು ದೊಡ್ಡ ಅನುಕೂಲ.

ವೈಫೈ ವಿಷಯದಲ್ಲಿ 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟುವಲ್ಲಿ ಸೋಲುತ್ತದೆ; 2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ಹೋಗುತ್ತದೆ. ಕರಾವಳಿಯ ಮುರಕಲ್ಲಿನ ದಪ್ಪ ಗೋಡೆಗಳ ಮನೆಯಲ್ಲಿ ಟಿವಿಗೆ ನೇರವಾಗಿ ಲ್ಯಾನ್ ಕೇಬಲ್ ಎಳೆಯುವುದೇ ವಾಸಿ.

ಚಿತ್ರ ಸುತ್ತುವುದೇಕೆ?

ಕೇಬಲ್‌ನಲ್ಲಿ ಒಂದೇ ಸಂಕೇತ ಎಲ್ಲ ಮನೆಗೂ ಒಟ್ಟಿಗೆ ಬರುತ್ತದೆ. ಸ್ಟ್ರೀಮಿಂಗ್‌ನಲ್ಲಿ ಪ್ರತಿ ಮನೆಯೂ ತನಗೆ ಬೇಕಾದ್ದನ್ನು ಕೇಳಿ ತರಿಸಿಕೊಳ್ಳುತ್ತದೆ. ಒಂದು ಸಿನಿಮಾವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಒಂದೊಂದು ತುಣುಕನ್ನೂ ಬೇರೆಬೇರೆ ಗುಣಮಟ್ಟದಲ್ಲಿ ಸಿದ್ಧಮಾಡಿ ಇಟ್ಟಿರುತ್ತಾರೆ. ಟಿವಿಯ ಆ್ಯಪ್ ಒಂದು ತುಣುಕು ಎಷ್ಟು ಬೇಗ ಬಂತೆಂದು ಅಳೆದು, ಮುಂದಿನದು ಯಾವ ಗುಣಮಟ್ಟದ್ದಿರಬೇಕೆಂದು ನಿರ್ಧರಿಸುತ್ತದೆ. ಸಂಪರ್ಕ ಕುಂಟಿದಾಗ ಚಿತ್ರ ಮಸುಕಾಗಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ತಿಳಿಯಾಗುವುದು ಇದರಿಂದಲೇ. ಕೂಡಿಟ್ಟುಕೊಂಡ ತುಣುಕುಗಳೂ ಖಾಲಿಯಾದರೆ ಮಾತ್ರ ಪರದೆಯ ಮೇಲೆ ಚಕ್ರ ಸುತ್ತುತ್ತದೆ. ಪ್ರತಿ ಬಾರಿಯೂ ದೂರದ ದೇಶದಿಂದ ತರಿಸುವ ಬದಲು ಜನಪ್ರಿಯ ಸಿನಿಮಾಗಳ ಪ್ರತಿಗಳನ್ನು ಇಂಟರ್ನೆಟ್ ಕಂಪನಿಗಳ ಜಾಲದೊಳಗೇ ಇಡುವ ವ್ಯವಸ್ಥೆಯೂ ಇದೆ.

ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ವೇಗ ಸಾಕೆಂಬುದು ನೆಟ್‌ಫ್ಲಿಕ್ಸ್ ಸಲಹೆ. ಎಚ್‌ಡಿ ವಿಡಿಯೊ ಗಂಟೆಗೆ 3 ಜಿಬಿವರೆಗೆ ಡೇಟಾ ಬಳಸುತ್ತದೆ. ದಿನಕ್ಕೆ ನಾಲ್ಕು ಗಂಟೆ ನೋಡಿದರೆ ತಿಂಗಳಿಗೆ 360 ಜಿಬಿ. ಅನೇಕ ಫೈಬರ್ ಯೋಜನೆಗಳ ಮಿತಿ 3,300 ಜಿಬಿ ಇರುವುದರಿಂದ ಅಲ್ಲಿ ಚಿಂತೆಯಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಟಿವಿ ನಡೆಸುವವರಿಗೆ ದಿನದ ಡೇಟಾ ಒಂದೇ ಸಿನಿಮಾಕ್ಕೆ ಮುಗಿಯಬಹುದು.

ವೇಗ ಸಾಕಷ್ಟಿದ್ದರೂ ಕೆಲವು ಟಿವಿಗಳಲ್ಲಿ, ಟಿವಿಗೆ ಚುಚ್ಚುವ ಸ್ಟ್ರೀಮಿಂಗ್ ಕಡ್ಡಿಗಳಲ್ಲಿ ಚಿತ್ರ ಮಸುಕಾಗಿಯೇ ಉಳಿಯುತ್ತದೆ. ನಕಲು ತಡೆಯಲು ಆ್ಯಪ್‌ಗಳು ಬಳಸುವ ವೈಡ್‌ವೈನ್ ಎಂಬ ಬೀಗದಲ್ಲಿ ಮಟ್ಟಗಳಿವೆ. ಎಲ್‌1 ಇಲ್ಲದೆ ಬರೀ ಎಲ್‌3 ಇರುವ ಉಪಕರಣಕ್ಕೆ ಹಲವು ಆ್ಯಪ್‌ಗಳು ಎಚ್‌ಡಿ ಕಳಿಸುವುದೇ ಇಲ್ಲ. ಅಗ್ಗದ ಆಂಡ್ರಾಯ್ಡ್ ಬಾಕ್ಸ್ ಕೊಳ್ಳುವಾಗ ಎಲ್‌1 ಇದೆಯೇ ಎಂದು ಅಂಗಡಿಯವರನ್ನು ಕೇಳಲೇಬೇಕು. ಎಚ್‌ಡಿಎಂಐ ಇರುವ ಹಳೆಯ ಟಿವಿಗೆ ಒಳ್ಳೆಯದೊಂದು ಕಡ್ಡಿ ಚುಚ್ಚಿದರೆ ಸಾಕು, ಹೊಸ ಸ್ಮಾರ್ಟ್ ಟಿವಿ ಬೇಕಿಲ್ಲ.

ಕ್ರಿಕೆಟ್ ಪ್ರಿಯರು ತಿಳಿದಿರಬೇಕಾದ ಮಾತೊಂದಿದೆ. ತುಣುಕು ಮಾಡಿ, ಕಳಿಸಿ, ಕೂಡಿಟ್ಟು ತೋರಿಸುವಷ್ಟರಲ್ಲಿ ನೇರಪ್ರಸಾರ ಕೇಬಲ್‌ಗಿಂತ ಹಲವು ಸೆಕೆಂಡು ಹಿಂದೆ ಬೀಳುತ್ತದೆ. ನಿಮ್ಮ ಪರದೆಯಲ್ಲಿ ಬೌಲರ್ ಓಡಿ ಬರುವಾಗಲೇ ಪಕ್ಕದ ಮನೆಯಲ್ಲಿ ಸಿಕ್ಸರ್ ಕೂಗು ಕೇಳಿಸಬಹುದು.

ಕನ್ನಡಕ್ಕೆ ಎಷ್ಟು ಜಾಗ?

ಕೇಬಲ್‌ನಲ್ಲಿ ಕನ್ನಡದ ವಾಹಿನಿಗಳೆಲ್ಲ ಸಾಲಾಗಿ ಒಂದೇ ಕಡೆ ಸಿಗುತ್ತವೆ. ಆ್ಯಪ್‌ಗಳಲ್ಲಿ ಅವು ಚದುರಿಹೋಗಿವೆ: ಜೀ ಕನ್ನಡದ ಧಾರಾವಾಹಿಗಳಿಗೆ ಜೀ5, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣಕ್ಕೆ ಜಿಯೊಹಾಟ್‌ಸ್ಟಾರ್, ಉದಯಕ್ಕೆ ಸನ್ ನೆಕ್ಸ್ಟ್. ಸಂಜೆಯೊಳಗೆ ಮೂರು ವಾಹಿನಿ ಸುತ್ತುವ ಅಜ್ಜಿಗೆ ಮೂರು ಆ್ಯಪ್ ಬೇಕು, ಮೂರು ಬಗೆಯ ಪರದೆ ಕಲಿಯಬೇಕು. ದುಬೈ, ಡಲ್ಲಾಸ್‌ನಲ್ಲಿರುವ ಕನ್ನಡಿಗರಿಗಾದರೆ ಇದೇ ವ್ಯವಸ್ಥೆ ವರವಾಗಿದೆ. ತಮ್ಮ ಸಮಯಕ್ಕೆ ತಾವು ಊರಿನ ಧಾರಾವಾಹಿ ನೋಡಬಹುದು.

ಹೊಸ ನಿರ್ಮಾಣದ ವಿಷಯದಲ್ಲಿ ಕನ್ನಡಕ್ಕೆ ಸಿಕ್ಕ ಪಾಲು ತೀರಾ ಕಡಿಮೆ. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ನಿರ್ಮಿಸಿದ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ 2020ರ ಜುಲೈನಲ್ಲಿ ಚಿತ್ರಮಂದಿರ ಬಿಟ್ಟು ನೇರವಾಗಿ ಪ್ರೈಮ್ ವಿಡಿಯೊದಲ್ಲಿ ತೆರೆಕಂಡಾಗ ದಾರಿ ತೆರೆಯಿತೆಂದು ಅನ್ನಿಸಿತ್ತು. ಆದರೆ ಕರಾವಳಿಯ ಕಥೆಗಳ ‘ಏಕಂ’ ಸರಣಿಯನ್ನು ಯಾವ ದೊಡ್ಡ ವೇದಿಕೆಯೂ ಕೊಳ್ಳಲಿಲ್ಲ. ರಕ್ಷಿತ್ ಶೆಟ್ಟಿ ಅವರ ತಂಡ 2024ರಲ್ಲಿ ಅದನ್ನು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. 2025ರಲ್ಲಿ ಜೀ5 ‘ಅಯ್ಯನ ಮನೆ’ ಸರಣಿಯನ್ನು ತಂದಿತು. ತಮಿಳು, ತೆಲುಗು, ಮಲಯಾಳಂಗಳ ಸಾಲು ನೋಡಿದರೆ ನಮ್ಮ ಪಟ್ಟಿ ಬಹಳ ಚಿಕ್ಕದು. ಕನ್ನಡದಲ್ಲಿ ಕಥೆಗಾರರ ಕೊರತೆ ಎಂದೂ ಇರಲಿಲ್ಲ, ಕೊರತೆ ಇರುವುದು ಹಣ ಹಾಕುವವರ ನಂಬಿಕೆಯಲ್ಲಿ. ಆ್ಯಪ್‌ನ ಭಾಷೆಯ ಆಯ್ಕೆಯಲ್ಲಿ ಕನ್ನಡವನ್ನು ಆರಿಸಿ, ಕನ್ನಡದ್ದನ್ನು ಹುಡುಕಿ ನೋಡುವುದು ವೀಕ್ಷಕರ ಕೈಯಲ್ಲಿರುವ ಕೆಲಸ. ಯಾವ ಭಾಷೆಯನ್ನು ಎಷ್ಟು ಜನ ನೋಡಿದರು ಎಂಬ ಲೆಕ್ಕ ಆ ಕಂಪನಿಗಳಿಗೆ ಸಿಗುತ್ತಲೇ ಇರುತ್ತದೆ.

ಬಿಡುವ ಮುನ್ನ

ಸುದ್ದಿ ವಾಹಿನಿಗಳಿಗೆ ಚಂದಾ ಬೇಕಿಲ್ಲ. ಕನ್ನಡದ ಪ್ರಮುಖ ಸುದ್ದಿ ವಾಹಿನಿಗಳು ಯೂಟ್ಯೂಬ್‌ನಲ್ಲಿ ನೇರವಾಗಿ ಬರುತ್ತವೆ. ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ ತಂದ ವೇವ್ಸ್ ಆ್ಯಪ್‌ನಲ್ಲಿ ದೂರದರ್ಶನದ ವಾಹಿನಿಗಳಿವೆ. ಫೈಬರ್ ತಲುಪದ ಹಳ್ಳಿಗೆ ಡಿಡಿ ಫ್ರೀ ಡಿಶ್ ಈಗಲೂ ಒಳ್ಳೆಯ ಆಯ್ಕೆ: ಡಿಶ್, ಬಾಕ್ಸ್‌ಗೆ ಒಮ್ಮೆ ಹಣ ಹಾಕಿದರೆ ತಿಂಗಳ ಬಾಡಿಗೆ ಇಲ್ಲ, ದೂರದರ್ಶನದ ಕನ್ನಡ ವಾಹಿನಿ ಚಂದನವೂ ಬರುತ್ತದೆ.

ಮಕ್ಕಳಿರುವ ಮನೆಯಲ್ಲಿ ಮೊದಲ ದಿನವೇ ಪಿನ್ ಹಾಕಿಡಬೇಕು. 2021ರ ನಿಯಮಗಳ ಪ್ರಕಾರ ಆ್ಯಪ್‌ಗಳು ಪ್ರತಿ ಕಾರ್ಯಕ್ರಮಕ್ಕೂ ಯು, ಯು/ಎ 7+, 13+, 16+ ಅಥವಾ ಎ ಎಂದು ವಯಸ್ಸಿನ ಗುರುತು ತೋರಿಸಬೇಕು, 13+ ಮತ್ತು ಅದರ ಮೇಲಿನವಕ್ಕೆ ಬೀಗದ ಸೌಲಭ್ಯ ಕೊಡಬೇಕು.

ಕೇಬಲ್ಲನ್ನು ಒಮ್ಮೆಲೇ ಬಿಡದೆ ಒಂದು ತಿಂಗಳು ಎರಡನ್ನೂ ಇಟ್ಟುಕೊಂಡು ನೋಡಿ. ಆ ತಿಂಗಳಲ್ಲಿ ಹಳೆಯ ರಿಮೋಟನ್ನು ಯಾರು, ಯಾವುದಕ್ಕೆ ಎತ್ತಿಕೊಂಡರು ಎಂದು ಗಮನಿಸಿ. ಹಿರಿಯರಿಗೆ ಅದು ದಿನವೂ ಬೇಕಾಗುತ್ತಿದ್ದರೆ ಕನ್ನಡದ ವಾಹಿನಿಗಳಷ್ಟೇ ಇರುವ ಚಿಕ್ಕ ಪ್ಯಾಕ್‌ಗೆ ಇಳಿಸಿ ಸಂಪರ್ಕ ಉಳಿಸಿಕೊಳ್ಳಿ. ಯಾರಿಗೂ ಬೇಡವಾದರೆ ಆಪರೇಟರ್‌ಗೆ ತಿಳಿಸಿ ಸಂಪರ್ಕ ನಿಲ್ಲಿಸಿ. ಬಾಕ್ಸ್ ಬಾಡಿಗೆಯದಾಗಿದ್ದರೆ ಹಿಂತಿರುಗಿಸಿ, ರಸೀದಿ ಪಡೆದು, ಠೇವಣಿ ಬಾಕಿ ಇದ್ದರೆ ಕೇಳಿ ಪಡೆಯಿರಿ.