ಬಳ್ಳಾರಿ ಸೀಮೆಯೂ ಹವ್ಯಾಸಿಯ ಛಾಯಾಚಿತ್ರವೂ

ಬಳ್ಳಾರಿಯ ಹೆಸರೆತ್ತಿದೊಡನೆ ಕಣ್ಣ ಮುಂದೆ ನಿಲ್ಲುವುದು ಹೆಬ್ಬಂಡೆಯಾಗಿ ಮೇಲೆದ್ದ ಕೋಟೆಯ ಗುಡ್ಡ. ಕುರುಗೋಡೆಂದರೆ ದೊಡ್ಡಬಸವೇಶ್ವರನ ಮೂರ್ತಿ. ಸಿರುಗುಪ್ಪವೆಂದರೆ ತುಂಗಭದ್ರೆಯ ನೀರುಂಡ ಬತ್ತದ ಗದ್ದೆ. ಈ ಮೂರು ಊರುಗಳ ಜನರು ದಿನವೂ ತುಳಿಯುವ ಓಣಿಯನ್ನಾಗಲಿ, ಸಂಜೆ ಕೂಡುವ ಕಟ್ಟೆಯನ್ನಾಗಲಿ, ತೆರೆದು ಮುಚ್ಚುವ ಬಾಗಿಲನ್ನಾಗಲಿ ಯಾರೂ ಹೆಸರಿಸುವುದಿಲ್ಲ. ನಿತ್ಯವೂ ಎದುರಿಗಿರುವುದನ್ನು ಕಾಣದೆ ಹೋಗುವುದು ಕಣ್ಣಿನ ಸ್ವಭಾವ. ಹಾಗೆ ಕಾಣದೆ ಹೋದುದನ್ನು ಕಾಣಿಸಿಕೊಡುವ ಸಾಧನಗಳಲ್ಲಿ ಛಾಯಾಚಿತ್ರವೊಂದು. ಹೊಟ್ಟೆಪಾಡಿಗಲ್ಲದೆ ಬರಿಯ ಒಲವಿನಿಂದ ಅದನ್ನು ಕೈಗೊಂಡವರಿಗೆ ಈ ಸೀಮೆಯಲ್ಲಿ ಒಂದೂವರೆ ಶತಮಾನವನ್ನು ಮೀರಿದ ಇತಿಹಾಸವುಂಟು.

೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಬಿಟ್ಟುಕೊಟ್ಟ ಪ್ರಾಂತಗಳೊಡನೆ ಬಳ್ಳಾರಿಯು ಇಂಗ್ಲಿಷರ ಕೈಸೇರಿ, ಮದರಾಸು ಆಧಿಪತ್ಯದ ದೊಡ್ಡ ದಂಡಿನ ಠಾಣ್ಯಗಳಲ್ಲಿ ಒಂದಾಯಿತು. ೧೮೫೫ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕ ಮಂಡಲಿಯವರು, ಪ್ರಾಚೀನ ಕಟ್ಟಡಗಳ ಚಿತ್ರಗಳನ್ನು ಕೈಯಿಂದ ಬರೆಯಿಸುವುದಕ್ಕಿಂತ ಛಾಯಾಚಿತ್ರ ತೆಗೆಯಿಸುವುದು ಮೇಲೆಂದು ಸೂಚಿಸಿದರು. ಮರುವರ್ಷವೇ ಮದರಾಸಿನಲ್ಲಿ ಛಾಯಾಚಿತ್ರ ಸಂಘವೊಂದು ಸ್ಥಾಪಿತವಾಯಿತು. ಅದೇ ೧೮೫೬ರ ಸುಮಾರಿಗೆ ಮದರಾಸು ಸೈನ್ಯದ ಅಧಿಕಾರಿಯಾದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು, ೨೦೨೧ರವರೆಗೂ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಹಂಪೆಯಲ್ಲಿ ಸಂಚರಿಸಿ, ಸುಮಾರು ಅರವತ್ತು ದೊಡ್ಡ ಚಿತ್ರಗಳನ್ನು ತೆಗೆದನು. ಆತನು ವೃತ್ತಿಯಿಂದ ಯೋಧ, ಛಾಯಾಚಿತ್ರದಲ್ಲಿ ಹವ್ಯಾಸಿ.

ಆ ಕಾಲದಲ್ಲಿ ಈ ಹವ್ಯಾಸವು ಸುಲಭಸಾಧ್ಯವಾಗಿರಲಿಲ್ಲ. ಗ್ರೀನ್‌ಲಾ ಬಳಸಿದುದು ಮೇಣವೂಡಿದ ಕಾಗದ. ಅದನ್ನು ಬೆಳ್ಳಿಯ ಲವಣಗಳಲ್ಲಿ ನೆನೆಯಿಸಿ, ಕತ್ತಲೆಯಲ್ಲಿ ಒಣಗಿಸಿ, ಭಾರವಾದ ಮರದ ಪೆಟ್ಟಿಗೆಯಲ್ಲಿಟ್ಟು, ಮಸೂರವನ್ನು ಬಹಳ ಹೊತ್ತು ತೆರೆದಿಡಬೇಕಾಗಿತ್ತು. ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬಹುದಾದ ಈ ಕಾಗದವು ಬಿಸಿಲುಸೀಮೆಗೆ ಅನುಕೂಲವಾಗಿದ್ದಿತು. ಆದರೆ ನಿಮಿಷಗಟ್ಟಲೆ ತೆರೆದಿಟ್ಟ ಮಸೂರಕ್ಕೆ ಚಲಿಸುವುದಾವುದೂ ಸಿಕ್ಕುತ್ತಿರಲಿಲ್ಲ. ಕಲ್ಲು ನಿಂತಿತು, ಮನುಷ್ಯನು ಅಳಿಸಿಹೋದನು. ಅಂದಿನ ಇಂಥ ಚಿತ್ರಗಳಲ್ಲಿ ಬೀದಿಗಳು ನಿರ್ಜನವಾಗಿ ತೋರುವುದಕ್ಕೆ ಊರು ಬರಿದಾಗಿದ್ದುದೊಂದೇ ಕಾರಣವೆಂದು ತಿಳಿಯಬಾರದು. ನೀರು ಹೊತ್ತು ನಡೆದವರೂ, ದನ ಹೊಡೆದುಕೊಂಡು ಹೋದವರೂ ಆ ಕಾಗದದ ಮೇಲೆ ನಿಲ್ಲುವಷ್ಟು ಹೊತ್ತು ನಿಲ್ಲಲಿಲ್ಲ, ಅಷ್ಟೆ.

ಆದರೂ ಆ ಚಿತ್ರಗಳ ಸಾಕ್ಷ್ಯಬಲವು ದೊಡ್ಡದು. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಇಂದು ನೋಡುವವರು ಅದರ ಬೋಳು ನೆತ್ತಿಯೇ ಮೂಲರೂಪವೆಂದು ನಂಬುವರು. ಗ್ರೀನ್‌ಲಾನ ಚಿತ್ರದಲ್ಲಿಯಾದರೋ ಅದರ ಮೇಲೆ ಇಟ್ಟಿಗೆಯ ಶಿಖರವು ಕಾಣುವುದು. ಅನಂತರ ಅದನ್ನು ತೆಗೆದುಹಾಕಲಾಯಿತು. ದೀರ್ಘಕಾಲ ಮರೆವಿಗೆ ಸಂದಿದ್ದ ಈ ಚಿತ್ರಗಳು ೨೦ನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳಕಿಗೆ ಬಂದುವು. ೧೯೮೦ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬವರು ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿರಿಸಿದರೆ ಏನು ಉಳಿಯಿತು, ಏನು ಬಿದ್ದುಹೋಯಿತು ಎಂಬುದಕ್ಕೆ ಬೇರೆ ವಾದವೇ ಬೇಕಿಲ್ಲ. ಒಬ್ಬನು ಸಂತೋಷಕ್ಕಾಗಿ ಮಾಡಿದ ಕೆಲಸವು ನೂರು ವರ್ಷಗಳ ಮೇಲೆ ದಾಖಲೆಯಾಯಿತು.

ಜನಜೀವನವು ಚಿತ್ರದೊಳಗೆ ಬರುವುದಕ್ಕೆ ಉಪಕರಣವೇ ಬದಲಾಗಬೇಕಾಯಿತು. ೧೮೭೧ರಲ್ಲಿ ಮ್ಯಾಡಾಕ್ಸ್ ಎಂಬ ವೈದ್ಯನು ಒಣ ಫಲಕದ ಮಾರ್ಗವನ್ನು ಪ್ರಕಟಿಸಿದನು. ೧೮೮೮ರಲ್ಲಿ ಈಸ್ಟ್‌ಮನ್ನನ ಕೊಡಕ್ ಪೆಟ್ಟಿಗೆಯೂ, ೧೯೦೦ರಲ್ಲಿ ಒಂದು ಡಾಲರಿನ ಬ್ರೌನಿಯೂ ಹೊರಬಂದುವು. ನಿಮಿಷಗಳು ಕ್ಷಣಕ್ಕೆ ಇಳಿದುವು; ನಡೆಯುವವನು ನಡೆಯುತ್ತಿರುವಂತೆಯೇ ಚಿತ್ರದಲ್ಲಿ ನಿಂತನು. ಇಂಗ್ಲೆಂಡಿನಲ್ಲಿ ಸರ್ ಬೆಂಜಮಿನ್ ಸ್ಟೋನ್ ಎಂಬ ಹವ್ಯಾಸಿಯು ೧೮೯೭ರಲ್ಲಿ ಒಂದು ಸಂಘವನ್ನೇ ಕಟ್ಟಿ, ಹಳ್ಳಿಯ ಹಬ್ಬ, ಬೀದಿ, ಹಳೆಯ ಮನೆಗಳ ಚಿತ್ರಗಳನ್ನು ತೆಗೆಯಿಸಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸತೊಡಗಿದನು. ಕನ್ನಡನಾಡಿನಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ ಅವರು (೧೯೨೩–೨೦೦೯) ವೃತ್ತಿಯಿಂದ ಪತ್ರಿಕಾ ಛಾಯಾಗ್ರಾಹಕರಾದರೂ, ಹೆಸರಿಲ್ಲದ ಸಾಮಾನ್ಯರ ನಿತ್ಯಜೀವನವನ್ನೇ ತಮ್ಮ ಮುಖ್ಯ ವಸ್ತುವಾಗಿಸಿಕೊಂಡು, ಅರಮನೆಯಿಲ್ಲದೆಯೂ ಚೆಲುವುಂಟೆಂದು ತೋರಿಸಿದರು.

ಆ ಚೆಲುವಿಗೆ ಬಳ್ಳಾರಿಯಲ್ಲಿ ಬಡತನವೇನೂ ಇಲ್ಲ. ಬೆಳಗಿನ ಓರೆ ಬಿಸಿಲು ಕಣಶಿಲೆಯ ಗೋಡೆಯನ್ನು ಸವರಿದಾಗ ಕಲ್ಲಿನ ಒಂದೊಂದು ಕಣವೂ ಬೇರೆಯಾಗಿ ಕಾಣುವುದು. ಹಳೆಯ ಮಾಳಿಗೆಮನೆಗಳ ಚೌಳುಮಣ್ಣಿನ ಮೇಲ್ಛಾವಣಿ, ಅದರ ಬೆಳಕಿಂಡಿಯಿಂದ ಪಡಸಾಲೆಯ ಮೇಲೆ ಬಿದ್ದು ಹಗಲೆಲ್ಲ ಸರಿಯುವ ಬಿಸಿಲಕೋಲು, ಕೌಲ್‌ಬಜಾರಿನ ದಾರಿಗಳ ಗದ್ದಲ, ನೀಲಿ ಜೀನ್ಸ್ ಬಟ್ಟೆಯ ರಾಶಿಯ ನಡುವೆ ಬಾಗಿ ಕುಳಿತ ದರ್ಜಿಯ ಬೆನ್ನು—ಇವೆಲ್ಲವೂ ಚಿತ್ರಯೋಗ್ಯವೇ. ಸಿರುಗುಪ್ಪದಲ್ಲಿ ವಿಜಯನಗರದ ಕಾಲದ ಕಾಲುವೆಯ ನೀರು ಇಂದಿಗೂ ಗದ್ದೆಗೆ ಹರಿಯುವುದು. ಅಕ್ಕಿ ಗಿರಣಿಯ ಅಂಗಳದಲ್ಲಿ ಹರಡಿದ ಬತ್ತದ ಮೇಲೆ ಕಾಲಿನಿಂದ ಗೀರಿದ ಸಾಲುಗಳು ಯಾವ ರಂಗವಲ್ಲಿಗೂ ಕಡಿಮೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿಂದರು ಆಳಿದ ಕುರುಗೋಡಿನಲ್ಲಿ ಚಾಲುಕ್ಯ ಶೈಲಿಯ ಗುಡಿಗಳನ್ನು ನೋಡುವವರುಂಟು. ರಥಬೀದಿಯ ಜಗುಲಿಯಲ್ಲಿ ಕುಳಿತವರ ನೆರಳನ್ನು ನೋಡುವವರು ವಿರಳ.

ಹಂಪೆಯ ಕಲ್ಲಿಗಾದರೂ ಕಾವಲುಂಟು, ಕಾಯಿದೆಯುಂಟು. ಮಾಳಿಗೆಮನೆಗೆ ಅವೆರಡೂ ಇಲ್ಲ. ಮಣ್ಣಿನ ಸೂರು ಇಳಿದು ಕಾಂಕ್ರೀಟು ಮೇಲೇರಿದ ದಿವಸ ಯಾವ ಶಾಸನದಲ್ಲಿಯೂ ದಾಖಲಾಗುವುದಿಲ್ಲ. ಶಿಖರವಿಲ್ಲದ ರಥಕ್ಕೆ ಗ್ರೀನ್‌ಲಾನ ಕಾಗದವು ಸಾಕ್ಷಿ ನುಡಿಯಿತು. ಬೆಳಕಿಂಡಿಯಿಲ್ಲದ ಪಡಸಾಲೆಗೆ ಯಾರು ಸಾಕ್ಷಿ ನುಡಿಯಬೇಕು? ಈ ಕಾರ್ಯವು ಸರಕಾರದ ಇಲಾಖೆಗಳಿಗಿಂತ ಹವ್ಯಾಸಿಗೇ ಹೆಚ್ಚು ಸಲ್ಲತಕ್ಕುದು. ಏತಕ್ಕೆಂದರೆ ಓಣಿಯ ಒಳಹೊರಗನ್ನು ಬಲ್ಲವನೂ, ಹೊತ್ತುಹೊತ್ತಿನ ಬೆಳಕಿಗೆ ಕಾದು ನಿಲ್ಲಲು ಬಿಡುವುಳ್ಳವನೂ ಅವನೇ.

ಹವ್ಯಾಸಿಯ ಬೆಲೆಯನ್ನು ಬಳ್ಳಾರಿಗೆ ಬೇರೊಬ್ಬರು ತಿಳಿಸಬೇಕಾಗಿಲ್ಲ. ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತಲೇ ರಂಗಭೂಮಿಯನ್ನು ಬೆಳಗಿದ ಬಳ್ಳಾರಿ ರಾಘವರು (೧೮೮೦–೧೯೪೬) ಈ ಊರಿನವರು. ನಾಟಕವು ಮುಗಿದೊಡನೆ ನಟನ ಕಲೆ ಕರಗುವುದು, ಛಾಯಾಚಿತ್ರವಾದರೋ ಉಳಿಯುವುದು. ಆದರೆ ಉಳಿದುದು ಮಾತನಾಡಬೇಕಾದರೆ ಊರು, ಓಣಿ, ತಿಂಗಳು, ವರ್ಷಗಳನ್ನು ಅದರ ಜೊತೆಯಲ್ಲಿಯೇ ಬರೆದಿಡಬೇಕು. ಇಂದು ಕ್ಯಾಮರಾ ಮನೆಮನೆಯ ಅಂಗೈಗೆ ಬಂದಿದೆ. ಮೇಣದ ಕಾಗದವೂ ಬೇಡ, ಮರದ ಪೆಟ್ಟಿಗೆಯೂ ಬೇಡ. ಬೇಕಾದುದು ತನ್ನ ಮನೆಯ ಹೊಸ್ತಿಲಿನಲ್ಲಿ ಹಂಪೆಯನ್ನು ಕಾಣುವ ಕಣ್ಣು, ಮತ್ತು ಕಂಡುದರ ಕೆಳಗೆ ಎರಡು ಸಾಲು ಬರೆಯುವಷ್ಟು ಶ್ರದ್ಧೆ.